ಯೆಶಾಯ 53: ಪ್ರವಾದಿ ಹೇಳಿದ್ದು ಯಾರ ಬಗ್ಗೆ?

ಅಪೊಸ್ತಲರ ಕೃತ್ಯಗಳ 8ನೇ ಅಧ್ಯಾಯದಲ್ಲಿ ಬರುವ ಒಂದು ಪ್ರಸಂಗ ನನಗೆ ತುಂಬಾ ಇಷ್ಟ. ಇಥಿಯೋಪಿಯಾ ರಾಣಿಯ ಖಜಾನೆ ನೋಡಿಕೊಳ್ಳುವ ಅಧಿಕಾರಿಯೊಬ್ಬ ಯೆರೂಸಲೇಮಿನಲ್ಲಿ ಆರಾಧನೆ ಮುಗಿಸಿ ಊರಿಗೆ ಹೊರಟಿದ್ದಾನೆ. ಗಾಜಾ ಕಡೆಗೆ ಇಳಿಯುವ ದಾರಿ. ರಥದಲ್ಲಿ ಕೂತು ಯೆಶಾಯನ ಪುಸ್ತಕವನ್ನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದಾನೆ. ಫಿಲಿಪ್ಪ ಅನ್ನುವವನು ರಥದ ಪಕ್ಕ ಓಡಿಬಂದು, ಓದುತ್ತಿರುವುದು ಅರ್ಥ ಆಗ್ತಾ ಇದೆಯಾ ಅಂತ ಕೇಳುತ್ತಾನೆ. ಯಾರಾದರೂ ಹೇಳಿಕೊಟ್ಟರೆ ತಾನೇ ಅರ್ಥವಾಗೋದು ಅನ್ನುತ್ತಾನೆ ಅಧಿಕಾರಿ. ಹತ್ತಿ ಕೂರಲು ಜಾಗ ಕೊಡುತ್ತಾನೆ. ಆಮೇಲೆ ನೇರವಾಗಿ ಕೇಳುತ್ತಾನೆ: ಪ್ರವಾದಿ ಇದನ್ನು ಯಾರ ಬಗ್ಗೆ ಹೇಳುತ್ತಿದ್ದಾನೆ, ತನ್ನ ಬಗ್ಗೆಯೋ ಬೇರೆ ಯಾರ ಬಗ್ಗೆಯೋ?

ಅವನು ಓದುತ್ತಿದ್ದದ್ದು ಯೆಶಾಯ 53. ಕೊಯ್ಯಲು ಒಯ್ದ ಕುರಿಯ ಹಾಗೆ ಅವನು ಬಾಯಿ ತೆರೆಯಲಿಲ್ಲ ಎಂಬ ಸಾಲು. ಫಿಲಿಪ್ಪ ಅಲ್ಲಿಂದಲೇ ಶುರುಮಾಡಿ ಯೇಸುವಿನ ಕಥೆ ಹೇಳಿದ. ಆದರೆ ಅದೇ ಸಾಲನ್ನು ಮೂಲ ಹೀಬ್ರೂವಿನಲ್ಲಿ ಓದುವ ಯಹೂದಿಗಳು ಅಂದಿನಿಂದ ಇಂದಿನವರೆಗೆ ಬೇರೆ ಉತ್ತರ ಕೊಡುತ್ತಾ ಬಂದಿದ್ದಾರೆ. ಪುಸ್ತಕ ಒಂದೇ, ಓದು ಎರಡು.

ಹಾಗಾದರೆ ಹೀಬ್ರೂ ಗ್ರಂಥದ ಒಳಗೆ, ಅಂದರೆ ಕ್ರೈಸ್ತರು ಹಳೆ ಒಡಂಬಡಿಕೆ ಅನ್ನುವ ಯಹೂದಿಗಳ ಪವಿತ್ರಗ್ರಂಥದ ಒಳಗೆ, ಯೇಸುವನ್ನು ಕಾಣುವುದು ಸರಿಯಾದ ಓದೇ? ಎರಡೂ ಕಡೆಯನ್ನು ನಾನೇ ಬರೆದಿದ್ದೇನೆ. ಮೊದಲನೆಯ ಓದನ್ನು ಚಿಕ್ಕಂದಿನಿಂದ ಕೇಳಿ ಬೆಳೆದವನು ನಾನು. ಎರಡನೆಯದು ದೊಡ್ಡವನಾದ ಮೇಲೆ ಸಿಕ್ಕಿತು, ಸಿಕ್ಕ ಮೇಲೆ ನನ್ನನ್ನು ಬಿಡಲಿಲ್ಲ. ಎರಡನ್ನೂ ಮನಸಾರೆ ಬರೆದಿದ್ದೇನೆ.

ಪರ: ಹೌದು, ಅದು ಆ ಗ್ರಂಥದ ಒಳಗಿಂದಲೇ ಹುಟ್ಟಿದ ಓದು

ಶುಭ ಶುಕ್ರವಾರದ ಮಧ್ಯಾಹ್ನ ಕಥೋಲಿಕ ಚರ್ಚಿನ ಒಳಗೆ ಹೋದವರಿಗೆ ಗೊತ್ತಿರುತ್ತದೆ. ಬಲಿಪೀಠದ ಮೇಲೆ ಬಟ್ಟೆ ಇರುವುದಿಲ್ಲ. ಗಂಟೆ ಬಾರಿಸುವುದಿಲ್ಲ. ಗುರುಗಳು ಒಳಗೆ ಬಂದು ಒಂದು ಮಾತೂ ಆಡದೆ ನೆಲದ ಮೇಲೆ ಬೋರಲು ಮಲಗುತ್ತಾರೆ. ಆಮೇಲೆ ಓದುವ ಮೊದಲ ವಾಚನವೇ ಯೆಶಾಯನದು, 52ನೇ ಅಧ್ಯಾಯದ ಕೊನೆಯಿಂದ 53ರ ಕೊನೆಯವರೆಗೆ. ನೋಡುವುದಕ್ಕೆ ಅಂದವಿಲ್ಲದವನು, ಜನ ಮುಖ ತಿರುಗಿಸಿಕೊಂಡವನು, ನಮ್ಮ ನೋವನ್ನು ಹೊತ್ತವನು, ನಮ್ಮ ತಪ್ಪಿಗಾಗಿ ಗಾಯಗೊಂಡವನು. ಯೇಸುವಿನ ಶಿಲುಬೆಯ ಕಥೆ ಓದುವ ಮೊದಲೇ ಆ ಕಥೆ ಮುಗಿದುಹೋದ ಹಾಗೆ ಅನಿಸುತ್ತದೆ. ಚಿಕ್ಕವನಿದ್ದಾಗ ಇದನ್ನು ಯೇಸುವಿನ ಶಿಷ್ಯರಲ್ಲೇ ಯಾರೋ ಬರೆದಿರಬೇಕು ಅಂದುಕೊಂಡಿದ್ದೆ. ಬರೆದದ್ದು ಅದಕ್ಕಿಂತ ಶತಮಾನಗಳ ಹಿಂದೆ ಅಂತ ಗೊತ್ತಾದ ದಿನ ಮೈ ಜುಮ್ಮೆಂದಿತ್ತು.

ಸಂದೇಹ ಪಡುವವರು ಸಾಮಾನ್ಯವಾಗಿ ಹೇಳುವ ಮಾತು ಒಂದಿದೆ. ಕ್ರೈಸ್ತರು ಬೇರೆಯವರ ಪುಸ್ತಕ ತೆಗೆದುಕೊಂಡು ತಮ್ಮ ಅರ್ಥ ಹೇರಿದರು ಅಂತ. ಇದು ಇತಿಹಾಸಕ್ಕೆ ಹೊಂದುವುದಿಲ್ಲ. ಹಾಗೆ ಮೊದಲು ಓದಿದವರು ಯಾರು? ಪೇತ್ರ, ಪೌಲ, ಯೇಸುವಿನ ಕಥೆ ಬರೆದ ಮತ್ತಾಯ, ಎಲ್ಲರೂ ಯಹೂದಿಗಳೇ. ಪೌಲ ತಾನು ಫರಿಸಾಯ, ಅಂದರೆ ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಯಹೂದಿ ಪಂಗಡದವನು, ಅಂತ ಬಾಯ್ತುಂಬ ಹೇಳಿಕೊಂಡವನು. ಯೇಸು ನಜರೇತಿನ ಸಭಾಮಂದಿರದಲ್ಲಿ ಎದ್ದು ನಿಂತು ಯೆಶಾಯನ ಸುರುಳಿ ಬಿಚ್ಚಿ ಓದಿ, ಈ ಮಾತು ಇವತ್ತು ನಿಮ್ಮ ಕಿವಿಗೆ ಬೀಳುತ್ತಿರುವಾಗಲೇ ನೆರವೇರಿತು ಅಂದ ಎಂದು ಲೂಕ ಬರೆಯುತ್ತಾನೆ. ಕೇಳಿದವರಿಗೆ ಸಿಟ್ಟು ಬಂದಿರಬಹುದು, ಆದರೆ ಇದು ಅವರ ಮನೆಯೊಳಗಿನ ಜಗಳ. ಹೊರಗಿನವನು ಬಂದು ಮಾಡಿದ್ದಲ್ಲ.

ಆ ಕಾಲದಲ್ಲಿ ಪ್ರವಾದಿಗಳ ಮಾತನ್ನು ಹೀಗೆ ತಮ್ಮ ಕಾಲಕ್ಕೆ ಹೊಂದಿಸಿ ಓದುವುದು ವಿಚಿತ್ರವೇನೂ ಆಗಿರಲಿಲ್ಲ. 1947ರಲ್ಲಿ ಮೃತ ಸಮುದ್ರದ ಬಳಿ ಕುಮ್ರಾನಿನ ಗುಹೆಯಲ್ಲಿ ಸುರುಳಿಗಳು ಸಿಕ್ಕವಲ್ಲ, ಮೊದಲು ಸಿಕ್ಕವುಗಳಲ್ಲೇ ಹಬಕ್ಕೂಕನ ಪುಸ್ತಕದ ಮೇಲಿನ ಒಂದು ವ್ಯಾಖ್ಯಾನವೂ ಇತ್ತು. ಹಬಕ್ಕೂಕ ಬರೆದದ್ದು ಬಾಬೆಲಿನ ಕಸ್ದೀಯರ ಬಗ್ಗೆ. ಕುಮ್ರಾನಿನ ಯಹೂದಿ ಪಂಗಡದವರು ಒಂದೊಂದು ಸಾಲು ಬರೆದು, ಕೆಳಗೆ 'ಇದರ ಅರ್ಥ' ಅಂತ ಸೇರಿಸಿ, ಕಸ್ದೀಯರು ಅಂದರೆ ಕಿತ್ತೀಯರು ಅನ್ನುತ್ತಾರೆ. ಕಿತ್ತೀಯರು ಅಂದರೆ ರೋಮನ್ನರು ಅಂತ ಹೆಚ್ಚಿನ ವಿದ್ವಾಂಸರ ಮಾತು. ಅಂದರೆ ನೂರಾರು ವರ್ಷ ಹಳೆಯ ಮಾತು ತಮ್ಮ ಕಣ್ಣೆದುರು ನಡೆಯುತ್ತಿರುವುದನ್ನೇ ಹೇಳುತ್ತಿದೆ ಅಂತ ಅವರು ನಂಬಿದ್ದರು. ಮತ್ತಾಯ ಮಾಡಿದ್ದೂ ಅದನ್ನೇ ಅಲ್ವಾ?

ಅಷ್ಟೇ ಅಲ್ಲ, ಹೀಬ್ರೂ ಗ್ರಂಥ ತನ್ನನ್ನು ತಾನೇ ಹೀಗೆ ಮರುಓದು ಮಾಡಿಕೊಳ್ಳುತ್ತದೆ. ಬಾಬೆಲಿನ ಆಳ್ವಿಕೆ 70 ವರ್ಷ ಅಂತ ಯೆರೆಮೀಯ ಹೇಳಿದ್ದ. ದಾನಿಯೇಲ 9ರಲ್ಲಿ ದಾನಿಯೇಲ ಆ ಮಾತನ್ನು ಹಿಡಿದು ಕೂತು ಪ್ರಾರ್ಥಿಸುತ್ತಾನೆ, ಆಗ ಗಬ್ರಿಯೇಲ ಬಂದು, ಅದು ಬರೀ 70 ವರ್ಷ ಅಲ್ಲ, 70 ವಾರಗಳು, ಒಂದೊಂದು ವಾರವೂ ಏಳೇಳು ವರ್ಷದ್ದು ಎಂಬ ಅರ್ಥ ಬರುವಂತೆ ಬಿಡಿಸಿ ಹೇಳುತ್ತಾನೆ. ಮೊದಲ ಅರ್ಥ ಹಾಗೇ ಇದೆ, ಅದರ ಮೇಲೆ ಇನ್ನೊಂದು ಅರ್ಥ ಬೆಳೆದಿದೆ. ಪ್ರವಾದಿಯ ಮಾತು ಒಮ್ಮೆ ಬಳಸಿ ಎಸೆಯುವ ಚೀಟಿ ಅಲ್ಲ ಎಂಬ ನಂಬಿಕೆ ಆ ಪುಸ್ತಕದ್ದೇ.

ಪ್ರವಾದಿ ಹೋಶೇಯನ ಸಾಲನ್ನು ತಗೊಳ್ಳಿ. 'ಐಗುಪ್ತದಿಂದ ನನ್ನ ಮಗನನ್ನು ಕರೆದೆ' ಎಂಬುದು ಹೋಶೇಯ 11:1. ಮತ್ತಾಯ ಇದನ್ನು ಮಗು ಯೇಸು ಐಗುಪ್ತದಿಂದ ಮರಳಿದ್ದಕ್ಕೆ ಹೊಂದಿಸುತ್ತಾನೆ. ಹೋಶೇಯ ಹೇಳಿದ್ದು ಇಸ್ರಾಯೇಲ್ ಜನರ ಬಗ್ಗೆ, ಮತ್ತಾಯನಿಗೆ ಗೊತ್ತಿರಲಿಲ್ವಾ ಅಂತ ಕೇಳುತ್ತಾರೆ. ಗೊತ್ತಿತ್ತು. ಅವನ ಇಡೀ ಆರಂಭವನ್ನು ಒಟ್ಟಿಗೆ ಓದಿ ನೋಡಿ. ಐಗುಪ್ತದಿಂದ ಬರುವುದು, ನೀರಿನ ಒಳಗೆ ಇಳಿದು ಏಳುವುದು, ಅಡವಿಯಲ್ಲಿ 40 ದಿನ. ಇಸ್ರಾಯೇಲರು ಅಡವಿಯಲ್ಲಿ 40 ವರ್ಷ ಕಳೆದಿದ್ದರು. ಸೈತಾನನಿಗೆ ಯೇಸು ಕೊಡುವ ಮೂರೂ ಉತ್ತರ ಧರ್ಮೋಪದೇಶಕಾಂಡದವು, ಅಡವಿಯ ಆ ವರ್ಷಗಳನ್ನು ನೆನೆಸುವ ಭಾಗದವು. ಮತ್ತಾಯ ಹೇಳುತ್ತಿರುವುದು ಇಷ್ಟು: ಈ ಒಬ್ಬ ಮನುಷ್ಯ ತನ್ನ ಜನರ ಇಡೀ ಕಥೆಯನ್ನು ತನ್ನ ಮೈಯಲ್ಲಿ ಮತ್ತೆ ಬದುಕಿದ. ಇಸ್ರಾಯೇಲನ್ನು ಅಳಿಸಿ ಯೇಸುವಿನ ಹೆಸರು ಬರೆದ ಅಂತಲ್ಲ.

ಈಗ ಆ ಇಥಿಯೋಪಿಯಾದವನ ಪ್ರಶ್ನೆ. ಯೆಶಾಯ 53ರಲ್ಲಿ ನೋಯುವವನನ್ನು ಪುಸ್ತಕ ದೇವರ 'ಸೇವಕ' ಅನ್ನುತ್ತದೆ. ಆ ಸೇವಕ ಎಂದರೆ ಇಸ್ರಾಯೇಲ್ ಜನಾಂಗ ಎಂಬ ಯಹೂದಿಗಳ ಉತ್ತರಕ್ಕೆ ಯೆಶಾಯನ ಪುಸ್ತಕವೇ ಒಂದು ತೊಡಕು ಇಟ್ಟಿದೆ. 49ನೇ ಅಧ್ಯಾಯದಲ್ಲಿ ಸೇವಕನ ಕೆಲಸವೇ ಯಾಕೋಬನನ್ನು, ಅಂದರೆ ಇಸ್ರಾಯೇಲನ್ನು, ದೇವರ ಕಡೆಗೆ ತಿರುಗಿಸುವುದು. ಇಸ್ರಾಯೇಲನ್ನು ತಿರುಗಿಸುವವನು ಇಸ್ರಾಯೇಲೇ ಹೇಗಾದಾನು? 53:8ರಲ್ಲಿ 'ನನ್ನ ಜನರ ದ್ರೋಹಕ್ಕಾಗಿ' ಅವನಿಗೆ ಪೆಟ್ಟು ಬಿತ್ತು ಎಂದಿದೆ. ಆ ಜನ ಬೇರೆ, ಅವನು ಬೇರೆ ಅಂತ ಸಾಲೇ ಹೇಳುತ್ತಿದೆ. ಒಬ್ಬ ವ್ಯಕ್ತಿಯ ಮುಖ ಅಲ್ಲಿ ಕಾಣುತ್ತದೆ. ಅವನನ್ನು ಹೂಳುತ್ತಾರೆ. ಆಮೇಲೆ ಅವನು ಮತ್ತೆ ನೋಡುತ್ತಾನೆ. ಏನನ್ನು ನೋಡುತ್ತಾನೆ ಅಂತ ಇವತ್ತಿನ ಹೀಬ್ರೂ ಪಾಠದಲ್ಲಿ ಬಿಟ್ಟುಹೋಗಿದೆ, ಆದರೆ ಕುಮ್ರಾನಿನಲ್ಲಿ ಸಿಕ್ಕ, ಏಳು ಮೀಟರಿಗೂ ಉದ್ದದ ಯೆಶಾಯನ ಸುರುಳಿಯಲ್ಲಿ ಅಲ್ಲೊಂದು ಪದ ಇದೆ: 'ಬೆಳಕು'. ನೋವೆಲ್ಲ ಮುಗಿದ ಮೇಲೆ ಅವನು ಬೆಳಕನ್ನು ನೋಡುವನು. ಆ ಸುರುಳಿ ಯೇಸುವಿಗಿಂತ ಹಳೆಯದು, ಹಾಗಾಗಿ ಕ್ರೈಸ್ತರು ಸೇರಿಸಿದರು ಅನ್ನುವ ಹಾಗೂ ಇಲ್ಲ.

ಈ ಸೇವಕ ಮೆಸ್ಸೀಯನೇ, ಅಂದರೆ ದೇವರು ಕಳಿಸುತ್ತಾನೆ ಅಂತ ಎದುರುನೋಡುತ್ತಿದ್ದ ರಕ್ಷಕನೇ, ಎಂಬ ಓದು ಯಹೂದಿಗಳಲ್ಲೂ ಇತ್ತು. ಪ್ರವಾದಿಗಳ ಪುಸ್ತಕಗಳಿಗೆ ಅರಾಮಿಕ್ ಭಾಷೆಯಲ್ಲಿ ಮಾಡಿದ ತಾರ್ಗುಮ್ ಎಂಬ ಹಳೆಯ ಅನುವಾದದಲ್ಲಿ 'ನನ್ನ ಸೇವಕ ಮೆಸ್ಸೀಯ' ಅಂತಲೇ ಇದೆ. ನೋವಿನ ಸಾಲುಗಳನ್ನು ಮಾತ್ರ ಆ ಅನುವಾದ ಬೇರೆಯವರ ಮೇಲೆ ಹಾಕುತ್ತದೆ, ಅದು ನಿಜ. ಆದರೆ ಯಹೂದಿ ಪಂಡಿತರ ಚರ್ಚೆಗಳ ಸಂಗ್ರಹವಾದ ತಲ್ಮೂದಿನ ಸನ್ಹೆದ್ರಿನ್ ಭಾಗದಲ್ಲಿ, ಮೆಸ್ಸೀಯನ ಹೆಸರೇನು ಎಂಬ ಚರ್ಚೆ ಬಂದಾಗ, ಕುಷ್ಠ ಹತ್ತಿದ ವಿದ್ವಾಂಸ ಅಂತ ಒಂದು ಉತ್ತರ ಇದೆ, ಅದಕ್ಕೆ ಆಧಾರವಾಗಿ ಕೊಟ್ಟಿರುವುದು ಯೆಶಾಯ 53ರ ಸಾಲನ್ನೇ. ನೋಯುವ ಮೆಸ್ಸೀಯ ಎಂಬ ಕಲ್ಪನೆ ಚರ್ಚಿನ ಸ್ವಂತ ಆಸ್ತಿಯೇನಲ್ಲ.

ಕನ್ಯೆಯ ಮಾತೂ ಹಾಗೇ. ಒಬ್ಬಳು ಬಸುರಿಯಾಗಿ ಮಗನನ್ನು ಹೆರುತ್ತಾಳೆ ಎಂಬ ಯೆಶಾಯನ ಸಾಲನ್ನು ಮತ್ತಾಯ ಯೇಸುವಿನ ಹುಟ್ಟಿಗೆ ಹೊಂದಿಸುತ್ತಾನೆ. ಆ ಸಾಲಿನಲ್ಲಿ, ಯೆಶಾಯ 7:14ರಲ್ಲಿ, ಇರುವ ಹೀಬ್ರೂ ಪದ 'ಅಲ್ಮಾ', ಅಂದರೆ ಹರೆಯದ ಹುಡುಗಿ. ಮತ್ತಾಯ ಉಲ್ಲೇಖಿಸುವ ಗ್ರೀಕಿನಲ್ಲಿ 'ಪಾರ್ಥೆನೋಸ್', ಕನ್ಯೆ. ಈ ಗ್ರೀಕ್ ಅನುವಾದ ಮಾಡಿದ್ದು ಯಹೂದಿಗಳು, ಯೇಸು ಹುಟ್ಟುವುದಕ್ಕೆ ಮೊದಲು. ಮದುವೆಯಾಗದ ಹರೆಯದ ಹುಡುಗಿ ಅಂದರೆ ಕನ್ಯೆ ಅಂತ ಅವರಿಗೆ ಸಹಜವಾಗಿ ಬಂತು. ನಮ್ಮ ಭಾಷೆಯಲ್ಲೂ ನೋಡಿ, ಉತ್ತರ ಕರ್ನಾಟಕದಲ್ಲಿ 'ಕನ್ಯಾ ನೋಡಾಕ ಹೋಗ್ಯಾರ' ಅಂದರೆ ಮದುವೆಗೆ ಹುಡುಗಿ ನೋಡೋಕೆ ಹೋಗಿದ್ದಾರೆ ಅಂತ ಅಷ್ಟೇ. 'ಕನ್ಯೆ ಮರಿಯ' ಅಂದ ಕೂಡಲೇ ಅದೇ ಪದ ಬಿಗಿಯಾಗುತ್ತದೆ. ಪದದ ಒಳಗೆ ಆ ಅರ್ಥಕ್ಕೆ ಜಾಗ ಇತ್ತು, ಮತ್ತಾಯ ಆ ಜಾಗಕ್ಕೆ ಹೋಗಿ ನಿಂತ.

ಇನ್ನೊಂದು ಮಾತು, ನನಗೆ ಇದೇ ದೊಡ್ಡದು. ಎರಡನೇ ಶತಮಾನದಲ್ಲಿ ಮಾರ್ಸಿಯನ್ ಎಂಬಾತ ರೋಮಿಗೆ ಬಂದು, ಹೀಬ್ರೂ ಗ್ರಂಥವನ್ನು ಕ್ರೈಸ್ತರು ಪೂರ್ತಿ ಬಿಟ್ಟುಬಿಡಬೇಕು, ಅದರ ದೇವರೇ ಬೇರೆ ಅಂದ. 144ರಲ್ಲಿ ರೋಮಿನ ಸಭೆ ಅವನನ್ನು ಹೊರಗೆ ಹಾಕಿತು. ಆ ಪುಸ್ತಕದಲ್ಲಿ ಯೇಸುವನ್ನು ಕಾಣುತ್ತಿದ್ದ ಕಾರಣಕ್ಕೇ ಚರ್ಚು ಅದನ್ನು ಕೈಬಿಡಲಿಲ್ಲ. ಕೈಬಿಟ್ಟಿದ್ದರೆ, ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಕೂತು ಬೈಬಲನ್ನು ಕನ್ನಡಕ್ಕೆ ತರುವಾಗ ದಾವೀದನ ಕೀರ್ತನೆಗಳು ಅದರಲ್ಲಿ ಇರುತ್ತಿರಲಿಲ್ಲ. 'ಯೆಹೋವನು ನನಗೆ ಕುರುಬನು' ಅಂತ ಕನ್ನಡದಲ್ಲಿ ಹೇಳಿಕೊಂಡು ಸಾಯುವ ಹಾಸಿಗೆಯಲ್ಲಿ ಸಮಾಧಾನ ಪಟ್ಟವರನ್ನು ನಾನು ನೋಡಿದ್ದೇನೆ. ಆ ಸಾಲು ಅವರ ಬಾಯಿಗೆ ಬಂದದ್ದು ಈ ಓದಿನ ದಾರಿಯಿಂದ.

ವಿರೋಧ: ಇಲ್ಲ, ಆ ಮಾತು ಮೊದಲು ಹೇಳಿದ್ದು ಯಾರಿಗೆ ಅಂತ ಕೇಳಬೇಕು

ಯೆಶಾಯ 7ನ್ನು ಒಂದು ಸಾಲಿನಿಂದಲ್ಲ, ಅಧ್ಯಾಯದ ತಲೆಯಿಂದ ಓದಿ. ಕ್ರಿ.ಪೂ. 734ರ ಆಸುಪಾಸು. ಯೆಹೂದದ ರಾಜ ಆಹಾಜನಿಗೆ ನಿದ್ದೆ ಇಲ್ಲ. ಉತ್ತರದಿಂದ ಇಬ್ಬರು ರಾಜರು, ದಮಸ್ಕದ ರೆಚೀನ ಮತ್ತು ಇಸ್ರಾಯೇಲಿನ ಪೆಕಹ, ಒಟ್ಟುಗೂಡಿ ಯೆರೂಸಲೇಮಿನ ಮೇಲೆ ಬಂದಿದ್ದಾರೆ. ಗಾಳಿಗೆ ಕಾಡಿನ ಮರ ಅಲ್ಲಾಡುವ ಹಾಗೆ ರಾಜನ ಎದೆ, ಜನರ ಎದೆ ಅಲ್ಲಾಡಿತು ಅಂತ ಬರೆದಿದೆ. ಯೆಶಾಯ ಅವನನ್ನು ಭೇಟಿಯಾಗುವುದು ಅಗಸರ ಹೊಲದ ದಾರಿಯಲ್ಲಿ, ಮೇಲಿನ ಕೊಳದ ಕಾಲುವೆಯ ಹತ್ತಿರ. ಜಾಗ ಅಷ್ಟು ನಿಖರ. ಪ್ರವಾದಿಯ ಜೊತೆ ಅವನ ಮಗನೂ ಇದ್ದಾನೆ, ಶೆಯಾರ್ ಯಾಶೂಬ್ ಅಂತ ಹೆಸರು, 'ಉಳಿದವರು ಮರಳುವರು' ಅಂತ ಅರ್ಥ.

ಅಲ್ಲಿ, ಆ ಹೆದರಿದ ಮನುಷ್ಯನಿಗೆ, ಯೆಶಾಯ ಒಂದು ಗುರುತು ಕೊಡುತ್ತಾನೆ. ಈ ಹುಡುಗಿ ಬಸುರಿ, ಮಗ ಹುಟ್ಟುತ್ತಾನೆ, ಇಮ್ಮಾನುವೇಲ್ ಅಂತ ಹೆಸರಿಡುತ್ತಾಳೆ, ಆ ಮಗುವಿಗೆ ಕೆಟ್ಟದ್ದು ಒಳ್ಳೆಯದು ತಿಳಿಯುವ ಮೊದಲೇ ನೀನು ಹೆದರುತ್ತಿರುವ ಆ ಇಬ್ಬರು ರಾಜರ ನಾಡು ಹಾಳುಬೀಳುತ್ತದೆ. ಮಗು ಇಲ್ಲಿ ಗಡಿಯಾರದ ಹಾಗೆ. ಮುಂದಿನ ಅಧ್ಯಾಯದಲ್ಲಿ ಪ್ರವಾದಿಗೆ ಇನ್ನೊಂದು ಮಗು ಹುಟ್ಟುತ್ತದೆ, ಅದು ಅಪ್ಪ ಅಮ್ಮ ಅನ್ನೋಕೆ ಕಲಿಯುವ ಮೊದಲೇ ದಮಸ್ಕದ ಸಂಪತ್ತು ಅಶ್ಶೂರಕ್ಕೆ ಹೋಗುತ್ತದೆ ಅಂತ ಮತ್ತೆ ಅದೇ ಲೆಕ್ಕ. ಕ್ರಿ.ಪೂ. 732ರಲ್ಲಿ ಅಶ್ಶೂರರು ದಮಸ್ಕವನ್ನು ಹಿಡಿದರು. ಮಾತು ನೆರವೇರಿತು. ಏಳುನೂರು ವರ್ಷ ಆದಮೇಲೆ ಹುಟ್ಟುವ ಮಗು ಆಹಾಜನಿಗೆ ಏನು ಗುರುತು ಆದೀತು? ಮುತ್ತಿಗೆಗೆ ಹೆದರಿ ನಡುಗುತ್ತಿರುವವನಿಗೆ ಯಾರಾದರೂ ಅಂಥ ಸಮಾಧಾನ ಹೇಳುತ್ತಾರಾ?

'ಅಲ್ಮಾ' ಪದದ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಕನ್ಯೆ ಅಂತ ಒತ್ತಿ ಹೇಳಬೇಕಿದ್ದರೆ ಹೀಬ್ರೂವಿನಲ್ಲಿ 'ಬೆತೂಲಾ' ಎಂಬ ಪದ ಹತ್ತಿರದಲ್ಲೇ ಇತ್ತು, ಯೆಶಾಯ ಅದನ್ನು ಬಳಸಲಿಲ್ಲ. ಗ್ರೀಕಿನ 'ಪಾರ್ಥೆನೋಸ್' ಕೂಡ ಅಷ್ಟು ಬಿಗಿ ಪದವಲ್ಲ. ಆದಿಕಾಂಡ 34ರಲ್ಲಿ ದೀನಾಳ ಮೇಲೆ ಅತ್ಯಾಚಾರ ಆದಮೇಲೂ ಅದೇ ಗ್ರೀಕ್ ಅನುವಾದ ಅವಳನ್ನು ಪಾರ್ಥೆನೋಸ್ ಅಂತಲೇ ಕರೆಯುತ್ತದೆ. 'ಕನ್ಯಾ ನೋಡಾಕ' ಹೋಗುವ ಉದಾಹರಣೆ ಮೇಲೆ ಕೊಟ್ಟೆನಲ್ಲ, ಅದು ಈ ಕಡೆಗೂ ಅಷ್ಟೇ ಬಲ ಕೊಡುತ್ತದೆ. ಪದದಲ್ಲಿ ಜಾಗ ಇದೆ ಅನ್ನುವುದು ಬೇರೆ, ಪ್ರವಾದಿ ಅದನ್ನೇ ಹೇಳಿದ ಅನ್ನುವುದು ಬೇರೆ.

ಹೋಶೇಯನ ಸಾಲಿಗೂ ಒಂದು ಮುಂದಿನ ಸಾಲಿದೆ. ನನ್ನ ಮಗನನ್ನು ಐಗುಪ್ತದಿಂದ ಕರೆದೆ, ಕರೆದಷ್ಟೂ ಅವರು ದೂರ ಹೋದರು, ಬಾಳ್ ದೇವತೆಗಳಿಗೆ ಬಲಿ ಕೊಟ್ಟರು. ಇದು ಅಪ್ಪನೊಬ್ಬ ಮಗನ ಬಗ್ಗೆ ತೋಡಿಕೊಳ್ಳುವ ದುಃಖ. ನಡೆಯೋಕೆ ಕಲಿಸಿದ್ದು ನಾನೇ, ತೋಳಲ್ಲಿ ಎತ್ತಿಕೊಂಡದ್ದು ನಾನೇ ಅಂತ ದೇವರು ಹೇಳಿಕೊಳ್ಳುತ್ತಾನೆ. ಅರ್ಧ ಸಾಲು ಕಿತ್ತುಕೊಂಡರೆ ಆ ದುಃಖವೇ ಕಾಣೆಯಾಗುತ್ತದೆ. ಎರಡನೇ ಸಾಲನ್ನು ಯಾವ ಕ್ರೈಸ್ತನೂ ಯೇಸುವಿಗೆ ಹೊಂದಿಸಲಾರ.

ಇನ್ನು ಸೇವಕ. ಯೆಶಾಯ 41ರಲ್ಲಿ, 44ರಲ್ಲಿ, 49ರಲ್ಲಿ ಸೇವಕನ ಹೆಸರನ್ನು ಬಿಡಿಸಿ ಹೇಳಿದೆ: ಇಸ್ರಾಯೇಲ್, ಯಾಕೋಬ್. 'ಇಸ್ರಾಯೇಲೇ, ನೀನು ನನ್ನ ಸೇವಕ' ಅಂತ 49:3ರಲ್ಲೇ ಇದೆ, ತೊಡಕು ಇದೆ ಅಂತ ಹೇಳಿದ ಅದೇ ಅಧ್ಯಾಯದಲ್ಲಿ. ಹಾಗಾದರೆ 53ರಲ್ಲಿ 'ನಮ್ಮ ನೋವನ್ನು ಹೊತ್ತ' ಅಂತ ಹೇಳುತ್ತಿರುವ 'ನಾವು' ಯಾರು? ಅದರ ಹಿಂದಿನ ಸಾಲು ನೋಡಿ, 52:15. ರಾಜರು ಅವನನ್ನು ಕಂಡು ಬಾಯಿ ಮುಚ್ಚಿಕೊಳ್ಳುವರು, ಕೇಳದೇ ಇದ್ದದ್ದನ್ನು ತಿಳಿಯುವರು. ಬೆನ್ನಿಗೇ 'ನಾವು ಕೇಳಿದ್ದನ್ನು ಯಾರು ನಂಬಿದರು' ಅಂತ ಮಾತು ಶುರುವಾಗುತ್ತದೆ. ಮಾತಾಡುತ್ತಿರುವವರು ಆ ರಾಜರು, ಆ ಜನಾಂಗಗಳು. ನಾವು ತುಳಿದ ಈ ಜನ ದೇವರ ಶಾಪ ತಗುಲಿದವರು ಅಂದುಕೊಂಡಿದ್ದೆವು, ಆದರೆ ಅವರು ನೋಯುತ್ತಿದ್ದದ್ದು ನಮ್ಮ ತಪ್ಪಿನಿಂದ ಅಂತ ಅವರು ಬೆರಗಾಗಿ ಒಪ್ಪಿಕೊಳ್ಳುತ್ತಿದ್ದಾರೆ. 'ನನ್ನ ಜನರ ದ್ರೋಹ' ಎಂಬ ಮಾತಿಗೂ ಯಹೂದಿ ವ್ಯಾಖ್ಯಾನಕಾರರಲ್ಲಿ ಉತ್ತರ ಇದೆ: ಒಂದೊಂದು ಜನಾಂಗದವರೂ ತಮ್ಮ ತಮ್ಮ ಜನರನ್ನು ಕುರಿತು ಹಾಗೆ ಹೇಳುತ್ತಿದ್ದಾರೆ. ಈ ಉತ್ತರ ಎಲ್ಲ ಗಂಟನ್ನೂ ಬಿಡಿಸುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ಇಡೀ ಪುಸ್ತಕದ ಹರಿವಿಗೆ ಇದು ಹೊಂದುತ್ತದೆ.

ಈ ಓದನ್ನು ಪ್ರಸಿದ್ಧಿ ಮಾಡಿದವರು ಫ್ರಾನ್ಸಿನ ತ್ರ್ವಾ ಪಟ್ಟಣದ ರಾಶಿ ಎಂಬ ಯಹೂದಿ ಪಂಡಿತರು, 1040ರಿಂದ 1105ರವರೆಗೆ ಬದುಕಿದವರು. ಕ್ರೈಸ್ತರಿಗೆ ಉತ್ತರ ಕೊಡೋಕೆ ರಾಶಿ ಹೊಸದಾಗಿ ಹುಟ್ಟಿಸಿದ್ದು ಅಂತ ಕೆಲವರು ಹೇಳುತ್ತಾರೆ. ಸುಳ್ಳು. ಮೂರನೇ ಶತಮಾನದಲ್ಲೇ ಕ್ರೈಸ್ತ ವಿದ್ವಾಂಸ ಒರಿಜೆನ್, ತಾನು ಯಹೂದಿ ಪಂಡಿತರ ಜೊತೆ ವಾದ ಮಾಡಿದಾಗ, ಇದು ಚದುರಿಹೋಗಿ ನೊಂದ ಇಡೀ ಜನರ ಬಗ್ಗೆ ಅಂತ ಅವರು ಹೇಳಿದರು ಎಂದು ಬರೆದಿಟ್ಟಿದ್ದಾನೆ. ರಾಶಿಗಿಂತ ಎಂಟು ಶತಮಾನ ಮೊದಲು. ರಾಶಿ ಓದಿ ಕಲಿತ ಊರುಗಳು ರೈನ್ ನದಿಯ ದಂಡೆಯ ಮೈನ್ಸ್ ಮತ್ತು ವರ್ಮ್ಸ್. 1096ರಲ್ಲಿ ಮೊದಲ ಕ್ರುಸೇಡಿಗೆ, ಅಂದರೆ ಕ್ರೈಸ್ತರ ಧರ್ಮಯುದ್ಧಕ್ಕೆ, ಹೊರಟ ಗುಂಪುಗಳು, ಎದೆಯ ಮೇಲೆ ಶಿಲುಬೆ ಹೊಲಿದುಕೊಂಡವರು, ಆ ಎರಡೂ ಊರುಗಳ ಯಹೂದಿಗಳನ್ನು ಕೊಂದರು. ರಾಶಿ ಆಗ ಬದುಕಿದ್ದರು. ಕೊಯ್ಯಲು ಒಯ್ದ ಕುರಿಯ ಸಾಲನ್ನು ಆ ಕಾಲದಲ್ಲಿ ಓದುತ್ತಿದ್ದ ಒಬ್ಬ ಯಹೂದಿಯ ಕಣ್ಣಿಗೆ ಯಾರ ಮುಖ ಬಂದಿರುತ್ತದೆ, ಯೋಚಿಸಿ.

ಯಹೂದಿ ಓದಿನಲ್ಲಿ ಒಂದೇ ಉತ್ತರ ಇದೆ ಅಂತಲೂ ತಿಳಿಯಬೇಡಿ. ಸೇವಕ ಎಂದರೆ ಪ್ರವಾದಿ ಯೆರೆಮೀಯ ಅಂತ ಹತ್ತನೇ ಶತಮಾನದ ಸಾದ್ಯಾ ಗಾವೋನ್ ಹೇಳಿದರು. ಮಿಕ್ರಾಓತ್ ಗೆದೋಲೋತ್ ಅನ್ನುವ ದೊಡ್ಡ ಬೈಬಲ್ ಮುದ್ರಣದ ಒಂದು ಪುಟ ನೋಡಬೇಕು. ನಡುವೆ ದಪ್ಪ ಅಕ್ಷರದಲ್ಲಿ ಎರಡು ಮೂರು ವಚನ. ಸುತ್ತಲೂ ಸಣ್ಣ ಅಕ್ಷರದಲ್ಲಿ ರಾಶಿ, ಇಬ್ನ್ ಎಜ್ರಾ, ರದಾಕ್ ಎಂಬ ವ್ಯಾಖ್ಯಾನಕಾರರು ಒಬ್ಬರನ್ನೊಬ್ಬರು ಒಪ್ಪದೆ, ಶತಮಾನಗಳ ಅಂತರದಲ್ಲಿ ಒಂದೇ ಪುಟದ ಮೇಲೆ ಕೂತು ಮಾತಾಡುತ್ತಿರುತ್ತಾರೆ. ತೋರಾಗೆ, ಅಂದರೆ ಆ ಗ್ರಂಥದ ಮೊದಲ ಐದು ಪುಸ್ತಕಗಳಿಗೆ, 70 ಮುಖ ಅಂತ ಅವರ ಹಳೆಯ ಮಾತು. ರಬ್ಬಿ, ಅಂದರೆ ಯಹೂದಿ ಗುರು, ಅಕೀವಾ ರೋಮನ್ನರ ವಿರುದ್ಧ ಎದ್ದ 132ರ ದಂಗೆಯ ನಾಯಕ ಬಾರ್ ಕೊಖ್ಬಾನನ್ನು ನೋಡಿ ಇವನೇ ಮೆಸ್ಸೀಯ ಅಂದಾಗ, ಇನ್ನೊಬ್ಬ ರಬ್ಬಿ ನೇರವಾಗಿ ಹೇಳಿದರು: ಅಕೀವಾ, ನಿನ್ನ ಕೆನ್ನೆ ಮೇಲೆ ಹುಲ್ಲು ಬೆಳೆದರೂ ದಾವೀದನ ಮಗ, ಅಂದರೆ ಮೆಸ್ಸೀಯ, ಬಂದಿರುವುದಿಲ್ಲ. 135ರಲ್ಲಿ ದಂಗೆ ಮುರಿದುಬಿತ್ತು. ತಲ್ಮೂದ್ ಆ ಎರಡೂ ಮಾತನ್ನು ಉಳಿಸಿಕೊಂಡಿದೆ, ಅಕೀವಾನ ಗೌರವವನ್ನೂ ಉಳಿಸಿಕೊಂಡಿದೆ. ಹಳೆ ಮಾತನ್ನು ತಮ್ಮ ಕಾಲಕ್ಕೆ ಹೊಂದಿಸಿ ಓದುವುದು ಆಗ ರೂಢಿಯಾಗಿತ್ತು ಅನ್ನುವುದು ನಿಜ. ಹಾಗೆ ಓದಿ ತಪ್ಪಿದರೆ ತಪ್ಪು ಅಂತ ಹೇಳುವ ರೂಢಿಯೂ ಜೊತೆಗೇ ಇತ್ತು.

ಇಲ್ಲಿ ಒಂದು ಆರೋಪಕ್ಕೆ ಉತ್ತರ ಕೊಡಲೇಬೇಕು. ಯಹೂದಿಗಳು ಯೆಶಾಯ 53ನ್ನು ಬಚ್ಚಿಡುತ್ತಾರೆ, ಸಭಾಮಂದಿರದಲ್ಲಿ ಓದುವುದಿಲ್ಲ ಅಂತ. ಶಬ್ಬತ್ತಿನ, ಅಂದರೆ ವಾರದ ವಿಶ್ರಾಂತಿ ದಿನದ, ಪ್ರವಾದಿ ವಾಚನದಲ್ಲಿ ಒಂದು ವಾರ 52:12ರವರೆಗೆ ಓದುತ್ತಾರೆ, ಇನ್ನೊಂದು ವಾರ 54ರಿಂದ ಓದುತ್ತಾರೆ, ನಡುವಿನದು ಇಲ್ಲ, ಅದು ನಿಜ. ಆದರೆ ಆ ವಾಚನಗಳು ಪ್ರವಾದಿಗಳಿಂದ ಆರಿಸಿದ ತುಣುಕುಗಳು ಮಾತ್ರ, ಯೆಶಾಯನ ಎಷ್ಟೋ ಅಧ್ಯಾಯಗಳು ಅದರಲ್ಲಿಲ್ಲ. ಈ ಎರಡು ವಾಚನಗಳು ಸೇರಿದ ಏಳು ವಾರಗಳಲ್ಲಿ ಓದುವುದು ದೇವಾಲಯ ಬಿದ್ದ ದಿನದ ಶೋಕ ಕಳೆದ ಮೇಲಿನ ಸಮಾಧಾನದ ಭಾಗಗಳನ್ನು. ಅಧ್ಯಾಯ 53 ಅವರ ಪ್ರತಿಯೊಂದು ಮುದ್ರಿತ ಗ್ರಂಥದಲ್ಲೂ ಇದೆ, ರಾಶಿಯ ವ್ಯಾಖ್ಯಾನವೂ ಪಕ್ಕದಲ್ಲೇ ಇದೆ. ಬಚ್ಚಿಡುವವರು ಹಾಗೆ ಮಾಡುವುದಿಲ್ಲ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಇಥಿಯೋಪಿಯಾದ ಅಧಿಕಾರಿ ಕೇಳಿದ್ದು 'ಯಾರು?' ಅಂತ. ಕ್ರೈಸ್ತ ಓದು ಅಂದಿನಿಂದ ಪುಟಪುಟಕ್ಕೂ ಅದನ್ನೇ ಕೇಳುತ್ತಾ ಬಂದಿದೆ. ಕಟ್ಟಿಗೆ ಹೊತ್ತ ಇಸಾಕ ಯಾರ ಮುನ್ನೆರಳು? ಬಂಡೆ ಯಾರು, ಪಸ್ಕದ ಕುರಿಮರಿ ಯಾರು? ಯಹೂದಿ ಓದು ಜಾಸ್ತಿ ಕೇಳುವುದು ಬೇರೆ ಪ್ರಶ್ನೆ: ಈಗ ಏನು ಮಾಡಬೇಕು? ಮರಿಯನ್ನು ಅದರ ತಾಯಿಯ ಹಾಲಿನಲ್ಲಿ ಬೇಯಿಸಬೇಡ ಎಂಬ ಸಾಲು ತೋರಾದಲ್ಲಿ ಮೂರು ಸಲ ಬರುತ್ತದೆ. ಕ್ರೈಸ್ತ ಓದುಗನ ಕಣ್ಣು ಅದರ ಮೇಲೆ ನಿಲ್ಲುವುದೇ ಇಲ್ಲ. ಯಹೂದಿ ಪಂಡಿತರು ಅಲ್ಲೇ ನಿಂತರು. ಯಾಕೆ ಮೂರು ಸಲ? ಬೇಯಿಸಬಾರದು, ತಿನ್ನಬಾರದು, ಅದರಿಂದ ಲಾಭವನ್ನೂ ಪಡೆಯಬಾರದು ಅಂತ ಬಿಡಿಸಿದರು. ಅದರಿಂದ ಅಡುಗೆಮನೆಯೇ ಎರಡಾಯಿತು. ಮಾಂಸಕ್ಕೆ ಒಂದು ಪಾತ್ರೆ ಸೆಟ್ಟು, ಹಾಲಿನ ಪದಾರ್ಥಕ್ಕೆ ಇನ್ನೊಂದು. ತೊಳೆಯುವ ಸಿಂಕು ಬೇರೆ, ಒರೆಸುವ ಬಟ್ಟೆ ಬೇರೆ. ಮಾಂಸ ತಿಂದ ಮೇಲೆ ಹಾಲು ಮುಟ್ಟಲು ಕೆಲವರು 6 ಗಂಟೆ ಕಾಯುತ್ತಾರೆ, ಕೆಲವರು 3 ಗಂಟೆ. ಮೊಸರಿನ ಬಟ್ಟಲಿಗೆ ಕೈಹಾಕುವ ಮಗುವಿಗೆ ಅಮ್ಮ 'ಇನ್ನೂ ಆಗಿಲ್ಲ' ಅಂತ ಗಡಿಯಾರ ತೋರಿಸುತ್ತಾಳಲ್ಲ, ಅದೂ ಗ್ರಂಥ ಓದುವ ಒಂದು ವಿಧಾನ. 613 ಆಜ್ಞೆಗಳ ಈ ಪುಸ್ತಕವನ್ನು ಬರೀ ಮುನ್ಸೂಚನೆಗಳ ಪೆಟ್ಟಿಗೆ ಮಾಡಿದರೆ ಅದರ ಅರ್ಧ ಜೀವ ಹೋಗುತ್ತದೆ.

ಪಾಪದ ವಿಷಯದಲ್ಲೂ ಇದೇ ವ್ಯತ್ಯಾಸ. ಆದಾಮನ ತಪ್ಪು ಹುಟ್ಟಿದ ಪ್ರತಿ ಮಗುವಿಗೂ ಅಂಟಿ ಬಂತು, ಅದನ್ನು ತೊಳೆಯಲು ಒಬ್ಬ ಬೇಕು ಅಂತ ಪೌಲನ ಮಾತನ್ನು ಬೆಳೆಸಿ ಅಗಸ್ಟೀನ್ ಕಲಿಸಿದ. ಆದರೆ ಹೀಬ್ರೂ ಗ್ರಂಥದಲ್ಲಿ 'ಪಾಪ' ಎಂಬ ಪದ ಮೊದಲು ಬರುವುದು ಹಣ್ಣಿನ ಕಥೆಯಲ್ಲಿ ಅಲ್ಲ, ಮುಂದಿನ ಅಧ್ಯಾಯದಲ್ಲಿ. ಕಾಯಿನನಿಗೆ ದೇವರು ಹೇಳುತ್ತಾನೆ: ಪಾಪ ಬಾಗಿಲಲ್ಲಿ ಹೊಂಚುಹಾಕಿದೆ, ಅದರ ಆಸೆ ನಿನ್ನ ಮೇಲೆ, ಆದರೆ ನೀನು ಅದನ್ನು ಆಳಬಲ್ಲೆ. ಆಳಬಲ್ಲೆ ಅಂತ. ಯಹೂದಿ ಓದು ನಿಂತಿರುವುದು ಆ ಮಾತಿನ ಮೇಲೆ.

ಕ್ರೈಸ್ತ ಓದು ಬರೀ ಒಂದು ಓದಾಗಿ ಉಳಿದಿದ್ದರೆ ನಾನು ಇಷ್ಟು ಬೇಸರದಿಂದ ಬರೆಯುತ್ತಿರಲಿಲ್ಲ. ಅದು ಅಧಿಕಾರದ ಕೈಗೆ ಸಿಕ್ಕಿತು. ಸ್ಟ್ರಾಸ್‌ಬರ್ಗ್ ಕೆಥೆಡ್ರಲಿನ ದಕ್ಷಿಣ ಬಾಗಿಲಿಗೆ 13ನೇ ಶತಮಾನದಲ್ಲಿ ಎರಡು ಹೆಣ್ಣು ಪ್ರತಿಮೆಗಳನ್ನು ಕೆತ್ತಿದರು. ಒಬ್ಬಳು ಚರ್ಚು, ಕಿರೀಟ ಇಟ್ಟುಕೊಂಡು ನೆಟ್ಟಗೆ ನಿಂತಿದ್ದಾಳೆ. ಇನ್ನೊಬ್ಬಳು ಸಿನಗಾಗ್, ಅಂದರೆ ಯಹೂದಿಗಳ ಸಭಾಮಂದಿರ. ಕಣ್ಣಿಗೆ ಬಟ್ಟೆ ಕಟ್ಟಿದೆ, ಕೈಯ ಭರ್ಜಿ ತುಂಡುತುಂಡಾಗಿದೆ, ಧರ್ಮಶಾಸ್ತ್ರದ ಹಲಗೆ ಬೆರಳಿನಿಂದ ಜಾರುತ್ತಿದೆ. ತನ್ನ ಪುಸ್ತಕವನ್ನೇ ಓದಲಾರದ ಕುರುಡಿ ಅಂತ ಕಲ್ಲಿನಲ್ಲಿ ಕೆತ್ತಿದ್ದಾರೆ. 1240ರಲ್ಲಿ ಪ್ಯಾರಿಸ್ಸಿನಲ್ಲಿ ತಲ್ಮೂದಿನ ಮೇಲೆ ವಿಚಾರಣೆ ನಡೆಯಿತು, 1242ರಲ್ಲಿ 24 ಗಾಡಿ ತುಂಬ ಹಸ್ತಪ್ರತಿಗಳನ್ನು ಸುಟ್ಟರು. 1263ರಲ್ಲಿ ಬಾರ್ಸಿಲೋನಾದಲ್ಲಿ ಅರಗಾನಿನ ರಾಜನ ಎದುರು ನಹ್ಮನೀದೆಸ್ ಎಂಬ ರಬ್ಬಿ ವಾದಕ್ಕೆ ನಿಲ್ಲಬೇಕಾಯಿತು. ಅವರು ಹೇಳಿದ ಒಂದು ಮಾತನ್ನು ನಾನು ಮರೆತಿಲ್ಲ. ಮೆಸ್ಸೀಯನ ಕಾಲದಲ್ಲಿ ಜನ ಕತ್ತಿಗಳನ್ನು ನೇಗಿಲ ಗುಳ ಮಾಡುವರು ಅಂತ ಯೆಶಾಯ ಹೇಳಿದ್ದಾನೆ, ಯೇಸುವಿನ ಕಾಲದಿಂದ ಇವತ್ತಿನವರೆಗೆ ಲೋಕ ಹಿಂಸೆ, ಕೊಳ್ಳೆಯಿಂದ ತುಂಬಿದೆಯಲ್ಲ ಅಂದರು. ಕೊನೆಗೆ ಅವರು ದೇಶ ಬಿಟ್ಟು ಹೋಗಬೇಕಾಯಿತು. 1267ರಲ್ಲಿ, ಇಳಿವಯಸ್ಸಿನಲ್ಲಿ, ಯೆರೂಸಲೇಮಿಗೆ ಹೋಗಿ ಸೇರಿದರು.

ಚರ್ಚು ಈಗ ಹಾಗಿಲ್ಲ, ಅದನ್ನು ಹೇಳದೆ ಇರಬಾರದು. 1965ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಯೇಸುವಿನ ಸಾವಿಗೆ ಯಹೂದಿಗಳೆಲ್ಲ ಹೊಣೆ ಎಂಬ ಹಳೆಯ ಆರೋಪವನ್ನು ಕೈಬಿಟ್ಟಿತು. 2001ರಲ್ಲಿ ವ್ಯಾಟಿಕನ್ನಿನ ಬೈಬಲ್ ಆಯೋಗ, ಯಹೂದಿಗಳ ಓದು ಆ ಗ್ರಂಥಕ್ಕೆ ಸಾಧ್ಯವಾದ ಒಂದು ಓದು ಅಂತ ಬರೆದು ಒಪ್ಪಿಕೊಂಡಿತು. ಕಣ್ಣಿನ ಬಟ್ಟೆ ಬಿಚ್ಚಲು ಎಂಟುನೂರು ವರ್ಷ ಹಿಡಿಯಿತು.

ಕೊನೆಯದು ಪುಸ್ತಕದ ಜೋಡಣೆ. ನಮ್ಮ ಕನ್ನಡ ಸತ್ಯವೇದದಲ್ಲಿ 'ಹಳೆ ಒಡಂಬಡಿಕೆ' ಮುಗಿಯುವುದು ಮಲಾಕಿಯನಿಂದ. ಎಲೀಯನನ್ನು ಕಳುಹಿಸುತ್ತೇನೆ ಅಂತ ದೇವರು ಹೇಳುತ್ತಾನೆ, ಪುಟ ತಿರುಗಿಸಿದರೆ ಮತ್ತಾಯ ಕಾಯುತ್ತಿದ್ದಾನೆ. ಯಾರೋ ಬರಬೇಕು ಎಂಬ ಕಾತರವನ್ನು ಆ ಜೋಡಣೆಯೇ ಹುಟ್ಟಿಸುತ್ತದೆ. ಯಹೂದಿಗಳ ತನಖಿನಲ್ಲಿ ಅವೇ ಪುಸ್ತಕಗಳು, 24 ಅಂತ ಎಣಿಸಿ, ಬೇರೆ ಸಾಲಿನಲ್ಲಿ ನಿಂತಿವೆ. ಮೊದಲು ತೋರಾ, ಆಮೇಲೆ ಪ್ರವಾದಿಗಳು, ಆಮೇಲೆ ಉಳಿದ ಬರಹಗಳು. ಸಾಮಾನ್ಯ ಮುದ್ರಣಗಳಲ್ಲಿ ಕೊನೆಗೆ ಬರುವುದು ಪೂರ್ವಕಾಲವೃತ್ತಾಂತ. ದೇವಾಲಯ ಸುಟ್ಟುಹೋಗಿದೆ, ಜನ ಬಾಬೆಲಿನಲ್ಲಿದ್ದಾರೆ. ಪರ್ಷಿಯಾದ ರಾಜ ಕೋರೆಷ ಡಂಗುರ ಹೊಡೆಸುತ್ತಾನೆ: ಯೆರೂಸಲೇಮಿನಲ್ಲಿ ಆಲಯ ಕಟ್ಟಬೇಕು, ನಿಮ್ಮಲ್ಲಿ ದೇವರ ಜನರಾದವರು ಯಾರೇ ಇರಲಿ, ದೇವರು ಅವರ ಜೊತೆ ಇರಲಿ. ಆಮೇಲೆ ಒಂದೇ ಒಂದು ಹೀಬ್ರೂ ಪದ ಉಳಿದಿದೆ, ಇಡೀ ಗ್ರಂಥದ ಕೊನೆಯ ಪದ, 'ವೆಯಾಅಲ್'. ಹತ್ತಿ ಹೋಗಲಿ.